ಟಂಕಿಯ ತೂತು ಹೊರಗೆ, ರೋಗ ಒಳಗೆ

ಮಳೆಗಾಲವಿಡೀ ಕವರ್ ಹೊದ್ದು ನಿಂತಿದ್ದ ಹಳೆಯ ಬೈಕು, ಸ್ಕೂಟರ್‌ಗಳು ಮುಂಬೈ, ಪುಣೆಯ ಸೊಸೈಟಿಗಳಲ್ಲಿ ಒಂದೊಂದಾಗಿ ಹೊರಬರುವ ಸಮಯ ಇದು. ಅವುಗಳಲ್ಲಿ ಊರಿನಿಂದ ತಂದ ಯೆಜ್ಡಿಗಳೂ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಅಂಥ ಗಾಡಿಯ ಕೆಳಗೆ ಪೆಟ್ರೋಲ್ ಹನಿ ಕಂಡರೆ ಏನು ಮಾಡಬೇಕು?

ಮೊದಲನೆಯದಾಗಿ, ಕಿಕ್ ಹೊಡೆಯಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವುದಿಲ್ಲ, ನೆಲದಲ್ಲೇ ಹರಿದು ಮೂಲೆಗಳಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ ಹತ್ತಿರವೇ ವಿದ್ಯುತ್ ಮೀಟರ್‌ಗಳಿರುತ್ತವೆ, ಬೀಡಿ ಸೇದುವವರಿರುತ್ತಾರೆ. ಗಾಡಿಯನ್ನು ತಳ್ಳಿಕೊಂಡು ಬಯಲಿಗೆ ತನ್ನಿ. ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನ್‌ಗೆ ಇಳಿಸಿ. ಪ್ಲಾಸ್ಟಿಕ್ ಬಕೆಟ್, ನೀರಿನ ಬಾಟಲಿ ಬೇಡ.

ಸೋರುತ್ತಿರುವುದು ಟ್ಯಾಂಕೇ ಹೌದೋ ಎಂದು ಇಳಿಸುವ ಮೊದಲೇ ನೋಡಿಕೊಳ್ಳಿ. ಎಲ್ಲವನ್ನೂ ಬಟ್ಟೆಯಿಂದ ಒರೆಸಿ, ಅನುಮಾನವಿರುವ ಕಡೆ ಸೀಮೆಸುಣ್ಣ ತಿಕ್ಕಿ ಸ್ವಲ್ಪ ಹೊತ್ತು ಕಾಯಿರಿ. ಎಲ್ಲಿ ಒದ್ದೆಯಾಗಿ ಕಪ್ಪಾಗುತ್ತದೋ ಅಲ್ಲೇ ಸೋರಿಕೆ. ಎಷ್ಟೋ ಸಲ ಅದು ಪೆಟ್ರೋಲ್ ಕಾಕ್‌ನ ವಾಷರ್ ಅಥವಾ ಗಡಸಾಗಿ ಬಿರಿದ ರಬ್ಬರ್ ಪೈಪ್ ಆಗಿರುತ್ತದೆ. ಕಾರ್ಬೊರೇಟರ್ ತುಂಬಿ ಹರಿಯುತ್ತಿರಲೂಬಹುದು. ಇವೆಲ್ಲ ಸಣ್ಣ ಕೆಲಸ. ಟ್ಯಾಂಕಿನ ತಳದಲ್ಲಿ ಅಥವಾ ಜೋಡಣೆಯ ಅಂಚಿನಲ್ಲಿ ಬಣ್ಣ ಉಬ್ಬಿ, ಅದರಡಿ ಸೂಜಿಮೊನೆಯಷ್ಟು ತೂತು ಕಂಡರೆ ಕಥೆ ಬೇರೆ.

ಆ ತೂತು ಒಳಗಿನಿಂದ ಆದದ್ದು. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳ ಸೇರುತ್ತದೆ. ಮುಚ್ಚಳದ ವಾಷರ್ ಹಳತಾಗಿದ್ದರೆ ಮಳೆನೀರು ಒಳಗಿಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ರಾತ್ರಿ ತಣಿದು ಗೋಡೆಯ ಮೇಲೆ ಹನಿಗಟ್ಟುತ್ತದೆ. ಮುಂಬೈ, ಚೆನ್ನೈನಂಥ ಕಡಲ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಎರಡೂ ಸೇರಿ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಇದು ಒಳ್ಳೆಯದಲ್ಲ.

ಗ್ಯಾರೇಜಿನಲ್ಲಿ ‘ಟಂಕಿ ಲೀಕ್ ಹೈ’ ಎಂದರೆ ಸಾಮಾನ್ಯವಾಗಿ ಬರುವ ಉತ್ತರ ‘ಎಂ-ಸೀಲ್ ಲಗಾ ದೇತಾ ಹೂಂ’. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಅದು ಸಾಕು. ಅದಕ್ಕೂ ಪೆಟ್ರೋಲಿನ ಮಟ್ಟ ತೂತಿಗಿಂತ ಕೆಳಗಿಳಿಸಿ, ಬಣ್ಣ ಕೆರೆದು, ಒಣಗಿದ ಲೋಹದ ಮೇಲೆ ಹಚ್ಚಬೇಕು. ಆದರೆ ಇದನ್ನೇ ಶಾಶ್ವತ ರಿಪೇರಿ ಎಂದುಕೊಂಡರೆ ಒಂದು ತೂತು ಮುಚ್ಚಿದ ಪಕ್ಕದಲ್ಲೇ ಇನ್ನೊಂದು ಹುಟ್ಟುತ್ತದೆ. ಒಳಗಿನ ತುಕ್ಕು ಹಾಗೇ ಇದೆಯಲ್ಲ!

ಸರಿಯಾದ ಕ್ರಮ ಹೀಗೆ: ಮೊದಲು ಒಳಗೆ ತೊಳೆಯುವುದು, ಆಮೇಲೆ ತೂತು ಹುಡುಕುವುದು, ಕೊನೆಗೆ ಮುಚ್ಚುವುದು. ಟ್ಯಾಂಕ್ ಬಿಚ್ಚಿ, ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಮತ್ತೆ ಮತ್ತೆ ಕುಲುಕಿ ತೊಳೆಯಿರಿ. ನೀರು ಕಾಯಿಸುವ ಒಲೆ ಆ ಜಾಗದಿಂದ ದೂರವಿರಲಿ. ಒಂದು ಹಿಡಿ ನಟ್-ಬೋಲ್ಟ್ ಹಾಕಿ ಅಲುಗಿಸಿದರೆ ಸಡಿಲ ತುಕ್ಕು ಉದುರುತ್ತದೆ. ಅವನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಉಳಿದ ತುಕ್ಕಿಗೆ ವಿನೆಗರ್ ಅಥವಾ ನೀರಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ತುಂಬಿ ಒಂದು ದಿನ ಬಿಡಿ. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಹುಣಸೆಹಣ್ಣು ಹಚ್ಚುವ ಲೆಕ್ಕಾಚಾರವೇ ಇಲ್ಲೂ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ತಡಮಾಡಿದರೆ ಬೆತ್ತಲಾದ ಕಬ್ಬಿಣ ಕೂಡಲೇ ಮತ್ತೆ ಕೆಂಪಾಗುತ್ತದೆ.

ಈ ಹಂತದಲ್ಲಿ ಒಂದಿದ್ದ ತೂತು ನಾಲ್ಕಾಗಿ ಕಂಡರೆ ಗಾಬರಿ ಬೇಡ. ತುಕ್ಕೇ ಮುಚ್ಚಿಟ್ಟಿದ್ದ ತೂತುಗಳವು. ರಸ್ತೆಯಲ್ಲಿ ಒಂದೊಂದಾಗಿ ತೆರೆದುಕೊಳ್ಳುವ ಬದಲು ಇಲ್ಲಿಯೇ ಕಂಡದ್ದು ಒಳ್ಳೆಯದಾಯಿತು.

ಮುಚ್ಚುವ ಕೆಲಸ ಮಾತ್ರ ಮನೆಯದಲ್ಲ, ರಸ್ತೆಬದಿಯ ವೆಲ್ಡರ್‌ನದೂ ಅಲ್ಲ. ‘ಪೆಟ್ರೋಲ್ ಖಾಲಿ ಮಾಡಿದ್ದೇನೆ, ಇನ್ನೇನು ಭಯ’ ಎನ್ನುವ ಮಾತೇ ಅತ್ಯಂತ ಅಪಾಯಕಾರಿ. ಬೆಂಕಿ ಹೊತ್ತಿಕೊಳ್ಳುವುದು ದ್ರವಕ್ಕಲ್ಲ, ಗಾಳಿ ಬೆರೆತ ಆವಿಗೆ. ಗಾಳಿಯಲ್ಲಿ ಶೇ. 1.4ರಷ್ಟು ಆವಿ ಇದ್ದರೂ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಬರಿದಾದ ಟ್ಯಾಂಕಿನಲ್ಲಿ ಎರಡೂ ಇರುತ್ತವೆ. ಜೋಡಣೆಯ ಸಂದಿಯಲ್ಲಿ, ತುಕ್ಕಿನ ಪದರದಲ್ಲಿ ಅಡಗಿದ ಪೆಟ್ರೋಲ್ ಬಿಸಿ ತಾಗಿದೊಡನೆ ಆವಿಯಾಗುತ್ತದೆ. ಆಗ ಟ್ಯಾಂಕ್ ಬಾಂಬಿನಂತೆ ಸಿಡಿಯುತ್ತದೆ. ಅದರ ಮುಂದೆ ಬಗ್ಗಿ ಕೂತಿರುವವನು ದಿನಗೂಲಿಯ ಹುಡುಗ.

ಆದ್ದರಿಂದ ರೇಡಿಯೇಟರ್, ಟ್ಯಾಂಕ್ ರಿಪೇರಿಯನ್ನೇ ಮಾಡುವ ಅಂಗಡಿ ಹುಡುಕಿ. ‘ಭಾಯಿ, ಪೆಹಲೇ ಅಂದರ್ ಸೇ ಧೋತೇ ಹೋ ಕ್ಯಾ?’ ಎಂದು ಕೇಳಿ. ನೀವು ತೊಳೆದು ಒಯ್ದಿದ್ದರೂ ಬಲ್ಲವನು ತಾನೂ ತೊಳೆಯುತ್ತಾನೆ. ತೂತಿನ ಹತ್ತಿರದವರೆಗೆ ನೀರು ತುಂಬಿಯೋ ಒಳಗಿನ ಗಾಳಿಯನ್ನು ಬೆಂಕಿ ಹಿಡಿಯದ ಅನಿಲದಿಂದ ಹೊರದೂಡಿಯೋ ಸಾಲ್ಡರಿಂಗ್, ಬ್ರೇಜಿಂಗ್ ಮಾಡುತ್ತಾನೆ. ‘ಅರೆ, ಕುಛ್ ನಹೀಂ ಹೋತಾ’ ಎಂದು ನಕ್ಕರೆ ಟ್ಯಾಂಕ್ ಹೊತ್ತು ವಾಪಸ್ ಬನ್ನಿ. ಬೆಸುಗೆಯ ನಂತರ ಎಥನಾಲ್ ತಡೆಯುವ ಟ್ಯಾಂಕ್ ಸೀಲರನ್ನು ಒಳಗೆ ಬಳಿಸಬಹುದು. ತಳದ ತಗಡೇ ಕಾಗದದಂತಾಗಿದ್ದರೆ ಬೇರೆ ಟ್ಯಾಂಕ್ ಹುಡುಕುವುದೇ ಜಾಣತನ. ಟ್ಯಾಂಕಿನೊಳಗೇ ಪಂಪ್ ಇರುವ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಿಗೆ ಈ ಮನೆಮದ್ದು ಯಾವುದೂ ಬೇಡ.

ಮುಂದಿನ ಮಳೆಗಾಲಕ್ಕೆ ಮುಚ್ಚಳದ ವಾಷರ್ ಹೊಸದು ಹಾಕಿಸಿ. ಒಂದೆರಡು ವಾರ ಊರಿಗೆ ಹೊರಟರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ನಾಲ್ಕು ತಿಂಗಳು ಗಾಡಿ ತೆಗೆಯುವುದೇ ಇಲ್ಲವೆಂದರೆ ಪೂರ್ತಿ ಬರಿದು ಮಾಡಿ, ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ತಾಗುವಂತೆ ಹೊರಳಿಸಿಡಿ. ಅರ್ಧ ತುಂಬಿದ ಟ್ಯಾಂಕನ್ನು ಮಾತ್ರ ಬಿಟ್ಟು ಹೋಗಬೇಡಿ.