ಕೊಡುವಾಗ ತಲೆಯೆಣಿಕೆ, ಕಸಿಯುವಾಗ ಎಕರೆಯೆಣಿಕೆ

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ವಿಸ್ತೀರ್ಣ ಸುಮಾರು 1,900 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆ ಅದಕ್ಕಿಂತ ತುಸು ದೊಡ್ಡದು, ಅಷ್ಟೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷವಾಗಿದ್ದರೆ ಜೋಯಿಡಾದ್ದು ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಅಂದು ರಾಜ್ಯದ ಸರಾಸರಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 319, ಉತ್ತರ ಕನ್ನಡದ್ದು 140. ಜೋಯಿಡಾದ್ದು ಮೂವತ್ತನ್ನೂ ಮುಟ್ಟಿರಲಿಲ್ಲ. ಈ ಅಂಕಿಯನ್ನು ಕಂಡ ಅಧಿಕಾರಿಗೆ, ಯೋಜನೆ ರೂಪಿಸುವವರಿಗೆ, ಒಮ್ಮೊಮ್ಮೆ ನಮ್ಮ ಪರಿಸರಪ್ರಿಯರಿಗೂ ಹೊಳೆಯುವ ಅರ್ಥ ಒಂದೇ: ಅಲ್ಲಿ ಯಾರೂ ಇಲ್ಲ. ಜನವಿರಳವನ್ನು ಜನಶೂನ್ಯವೆಂದು ಓದುವ ಈ ಪರಿಪಾಠವನ್ನು ಪ್ರಶ್ನಿಸದೆ ಕಾಳಿ ಕಣಿವೆಯ ಕಾಡಿಗಾಗಲಿ ಜನರಿಗಾಗಲಿ ಉಳಿಗಾಲವಿಲ್ಲ.

ಇಲ್ಲಿ ಜನ ವಿರಳವಾಗಿರುವುದಕ್ಕೆ ನೆಲವೇ ಮೊದಲ ಕಾರಣ. ಘಟ್ಟದ ನೆತ್ತಿಯ ಭಾರೀ ಮಳೆ ಮಣ್ಣಿನಲ್ಲಿರುವ ಸುಣ್ಣವನ್ನೂ ಪೊಟ್ಯಾಷನ್ನೂ ತೊಳೆದೊಯ್ಯುತ್ತದೆ. ಉಳಿಯುವುದು ಹುಳಿ ಗುಣದ ಚಿರೇಕಲ್ಲಿನ ಮಣ್ಣು. ಭತ್ತ ಬೆಳೆಯುವುದು ಎರಡು ಗುಡ್ಡಗಳ ನಡುವೆ ಗೋಡುಮಣ್ಣು ಶೇಖರವಾಗುವ ಕಿರಿದಾದ ಕಣಿವೆಗಳಲ್ಲಿ ಮಾತ್ರ. ಅಂತಹ ಕಣಿವೆಯೊಂದು ಸಾಕಬಲ್ಲದ್ದು ಹತ್ತಿಪ್ಪತ್ತು ಮನೆಗಳನ್ನು. ಮುಂದಿನ ಮಜಿರೆಗೆ ಹೋಗಲು ಗುಡ್ಡವನ್ನೋ ಹಳ್ಳವನ್ನೋ ದಾಟಬೇಕು. ಕುಣಬಿಗಳೂ ದನಗರ ಗೌಳಿಗಳೂ ಹೀಗೆ ಚದುರಿ ನೆಲೆಸಿದ್ದು ಹಿಂದುಳಿದಿರುವಿಕೆಯಿಂದಲ್ಲ, ನೆಲದ ಧಾರಣಶಕ್ತಿಯನ್ನು ಅರಿತು. ಈಚಿನ ವರ್ಷಗಳಲ್ಲಿ ಜೋಯಿಡಾದ ಗೆಡ್ಡೆಗೆಣಸು ಮೇಳಕ್ಕೆ ಕುಣಬಿ ಮಹಿಳೆಯರು ಹೊತ್ತು ತರುವ ತಳಿಗಳ ವೈವಿಧ್ಯವನ್ನು ಕಂಡವರಿಗೆ ಈ ಅರಿವಿನ ಆಳವನ್ನು ವಿವರಿಸಬೇಕಿಲ್ಲ.

ಎರಡನೆಯ ಕಾರಣ ಆಡಳಿತ. ಬ್ರಿಟಿಷರ ಕಾಲದ ಅರಣ್ಯ ಇಲಾಖೆ ಕುಮರಿ ಬೇಸಾಯವನ್ನು ಅದುಮಿತು. ಸ್ವತಂತ್ರ ಭಾರತ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯನ್ನು ಕಟ್ಟಿತು. 1980ರ ದಶಕದಲ್ಲಿ ಸೂಪಾ ಪಟ್ಟಣವೇ ನೀರಿನಡಿ ಸೇರಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸ್ಥಳಾಂತರವಾಯಿತು. ನಿರಾಶ್ರಿತರಿಗಾಗಿ ರಾಮನಗರ ಎದ್ದಿತು. ಅದೇ ನದಿಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿಯೂ ಕಟ್ಟೆಗಳು ಬಿದ್ದವು. ಜನರನ್ನು ಎಬ್ಬಿಸಿ ಕಳುಹಿಸಿದವರೇ ಇಂದು ಇಲ್ಲಿ ಜನ ಕಡಿಮೆಯೆನ್ನುತ್ತಿದ್ದಾರೆ.

ಸೌಲಭ್ಯ ಕೊಡುವ ಹೊತ್ತಿಗೆ ಸರ್ಕಾರ ತಲೆಗಳನ್ನು ಎಣಿಸುತ್ತದೆ. ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ರಾಷ್ಟ್ರೀಯ ಮಾನದಂಡ. ಇದನ್ನು ಅಕ್ಷರಶಃ ಪಾಲಿಸಿದರೆ ಇಡೀ ಜೋಯಿಡಾಕ್ಕೆ ಎರಡೋ ಮೂರೋ ಕೇಂದ್ರ ಸಾಕು! 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲಿನಲ್ಲಿ 500 ಜನರಿರುವ ಜನವಸತಿಗೆ ರಸ್ತೆಯೆಂದಿತು. 250 ಜನರ ವಿನಾಯಿತಿ ದೊರೆತದ್ದು ಗುಡ್ಡಗಾಡು ರಾಜ್ಯಗಳಿಗೆ, ಮರುಭೂಮಿಗೆ ಮತ್ತು ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ. ಕರ್ನಾಟಕದ ಘಟ್ಟ ಈ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಭೂಗೋಳದಲ್ಲಿ ಮಲೆನಾಡು, ಕಡತದಲ್ಲಿ ಬಯಲುಸೀಮೆ! ಹದಿನೈದು ಮನೆಗಳ ಮಜಿರೆ ಯಾವ ಕಾಲಕ್ಕೆ 500 ತಲೆ ತುಂಬಿಸೀತು?

ಕಸಿಯುವ ಹೊತ್ತಿಗೆ ಲೆಕ್ಕ ತಿರುವುಮುರುವಾಗುತ್ತದೆ. ಆಗ ಕಣ್ಣಿಗೆ ಬೀಳುವುದು ಎಕರೆಗಳು ಮಾತ್ರ. ಜಲಾಶಯಕ್ಕೆ, ವಿದ್ಯುತ್ ಮಾರ್ಗಕ್ಕೆ, ಜೋಡಿ ರೈಲು ಹಳಿಗೆ ಈ 'ಖಾಲಿ' ಜಾಗ ಬಲು ಪ್ರಶಸ್ತ. ಬಾಧಿತರು ಕೆಲವೇ ಕುಟುಂಬಗಳೆಂಬ ಒಂದು ವಾಕ್ಯ ವರದಿಯಲ್ಲಿ ಸೇರಿದರೆ ಚರ್ಚೆಯೇ ಮುಗಿಯಿತು.

ಇನ್ನು ನಮ್ಮವರಿಗೇ ಹೇಳಬೇಕಾದ ಮಾತು. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು; 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹುಲಿಗೆ ನಿರ್ಭೀತ ನೆಲೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಕಾಡೊಳಗಿನ ಕೆಲವು ಕುಟುಂಬಗಳು ಮನಃಪೂರ್ವಕವಾಗಿ ಹೊರಬರಲು ಬಯಸುತ್ತವೆ. ಅವುಗಳಿಗೆ ನೆಲವೂ ನೆರವೂ ಸಲ್ಲಲೇಬೇಕು. ಆದರೆ ದಶಕಗಳ ಕಾಲ ರಸ್ತೆ, ದೀಪ, ದಾದಿಯರನ್ನು ನಿರಾಕರಿಸಿ, ಬಳಿಕ ಕುಟುಂಬಕ್ಕೆ 15 ಲಕ್ಷ ರೂಪಾಯಿ ಮುಂದಿಟ್ಟು, ಹೊರಟವರನ್ನು 'ಸ್ವಇಚ್ಛೆಯಿಂದ ಹೊರಟರು' ಎಂದು ದಾಖಲಿಸುವುದು ಯಾವ ನ್ಯಾಯ? ಉಳಿಯುವ ದಾರಿಯನ್ನು ಮುಚ್ಚಿಟ್ಟು ಹೊರಡುವ ದಾರಿಯನ್ನಷ್ಟೇ ತೆರೆದಿಟ್ಟರೆ ಅದು ಇಚ್ಛೆಯಲ್ಲ, ಬಲವಂತದ ಸಭ್ಯ ರೂಪ. ಮೇಲಾಗಿ, ಜನ ತೆರವಾದ ಕಣಿವೆಯಲ್ಲಿ ನಾಳೆ ಮತ್ತೊಂದು ಯೋಜನೆ ಬಂದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಬೇಡವೆನ್ನುವವರು ಯಾರು? ಹುಲಿ ಅರ್ಜಿ ಬರೆಯುವುದಿಲ್ಲ.

ಕಾನೂನಿನಲ್ಲಿಯೂ ಇದೇ ಗೋಳು. ಗಡಿಯಾಚೆಯ ಗೋವೆಯಲ್ಲಿ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಈಚೆಯವರು ಅದೇ ಮನ್ನಣೆಗಾಗಿ ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಪಂಗಡದ ಪಟ್ಟಿಯಲ್ಲಿಲ್ಲದವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಕುಮರಿಯ ಹೊಲದಿಂದ ಎಬ್ಬಿಸಿದವರ ಕೈಯಲ್ಲಿ ಕಾಗದಪತ್ರ ಕೇಳುವುದು ಕ್ರೂರ ವಿನೋದ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1 ಅದರ ಗಣನಾ ದಿನವೆಂದು ಗೊತ್ತಾಗಿದೆ. ಹೊಸ ಅಂಕಿಗಳ ಮೇಲೆ ಮುಂದಿನ ಯೋಜನೆಗಳು ನಿಲ್ಲುತ್ತವೆ. ಆದ್ದರಿಂದ ನಮ್ಮ ಬೇಡಿಕೆಗಳು ಈಗಲೇ ಸ್ಪಷ್ಟವಾಗಬೇಕು. ಪ್ರತಿಯೊಂದು ಮಜಿರೆಯೂ ತನ್ನ ಹೆಸರಿನಲ್ಲಿ ಎಣಿಕೆಗೆ ಸೇರಲಿ. ಆಸ್ಪತ್ರೆ, ಶಾಲೆ, ಬಸ್ಸುಗಳನ್ನು ಜನಸಂಖ್ಯೆಯಿಂದಲ್ಲ, ಮಳೆಗಾಲದಲ್ಲಿ ಅಲ್ಲಿಗೆ ತಲುಪಲು ಹಿಡಿಯುವ ಹೊತ್ತಿನಿಂದ ನಿರ್ಧರಿಸಲಿ. ಅರಣ್ಯ ಹಕ್ಕಿನ ಅರ್ಜಿಗಳು ಇತ್ಯರ್ಥವಾಗದೆ ಯಾವ ಊರಿನ ಮುಂದೆಯೂ ಪುನರ್ವಸತಿಯ ಪ್ರಸ್ತಾವವನ್ನು ಇಡಕೂಡದು. ಓದುಗ ಮಿತ್ರರು ತಂತಮ್ಮ ಗ್ರಾಮಸಭೆಗಳಲ್ಲಿ ಈ ಮೂರನ್ನೂ ಠರಾವುಗಳಾಗಿ ಮಂಡಿಸಬೇಕೆಂದು ಕೋರುತ್ತೇನೆ. ಹದಿನೈದು ಮನೆಗಳ ಊರೂ ಊರೇ.