ಹನ್ನೆರಡು ಕಾಲಿನ ಹಾವು

ಸ್ಪೇನಿನ ಛಾಯಾಗ್ರಾಹಕ ಜೊವಾನ್ ಫಾಂಟ್‌ಕುಬೆರ್ತಾ ಇಲ್ಲದ ಚರಿತ್ರೆಗೆ ಫೋಟೊ ಸಾಕ್ಷಿ ಒದಗಿಸುವುದರಲ್ಲಿ ಪಳಗಿದ ಕೈ. ಇದು ಕಲೆಯ ಸೋಗಿನ ವಂಚನೆ ಎಂಬುದು ಅವರ ಮೇಲಿನ ಮೊದಲ ಆರೋಪ.

ವಂಚಕ ಹೆಜ್ಜೆಗುರುತು ಅಳಿಸಿ ಹೋಗುತ್ತಾನಲ್ಲವೆ? 1987ರ ‘ಫೌನಾ’ ಕಲಾಯೋಜನೆ ನೋಡಿ. ಪೀಟರ್ ಅಮೈಸನ್‌ಹೌಫೆನ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ ಬಿಟ್ಟುಹೋದನೆನ್ನಲಾದ ಫೋಟೊ, ಎಕ್ಸ್‌ರೇ, ಟಿಪ್ಪಣಿಗಳು. ಅದರಲ್ಲೊಂದು ಹಾವು, ಅದಕ್ಕೆ ಹನ್ನೆರಡು ಕಾಲು. ‘ಹಾವಿನ ಹೆಜ್ಜೆ ಹಾವೇ ಬಲ್ಲದು’ ಎನ್ನುವ ನಮಗೆ ಅಲ್ಲೇ ನಗು ಬರಬೇಕಿತ್ತು! ಅಮೈಸನ್‌ಹೌಫೆನ್ ಎಂದರೆ ಜರ್ಮನ್‌ನಲ್ಲಿ ಇರುವೆಗೂಡು. ಫಾಂಟ್‌ಕುಬೆರ್ತಾರ ಜೊತೆಗಾರ ಪೆರೆ ಫಾರ್ಮಿಗೆರಾರ ಕೆಟಲಾನ್ ಅಡ್ಡಹೆಸರಿಗೂ ಇರುವೆಯದೇ ನಂಟು. ಪೆರೆ ಎಂದರೆ ಪೀಟರ್. ಕಳ್ಳ ತನ್ನ ಹೆಸರನ್ನೇ ಅನುವಾದಿಸಿ ಬಾಗಿಲಿಗೆ ಅಂಟಿಸಿ ಹೋಗುವುದುಂಟೆ?

ಸುಳ್ಳುಸುದ್ದಿಯ ಕಾಲದಲ್ಲಿ ಇದು ಉರಿಯುವ ಬೆಂಕಿಗೆ ತುಪ್ಪ, ವಿಜ್ಞಾನದ ಮೇಲಿನ ನಂಬಿಕೆಗೆ ಪೆಟ್ಟು ಎಂಬುದು ಎರಡನೆಯ ಆರೋಪ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. 1997ರ ‘ಸ್ಪುಟ್ನಿಕ್’ನಲ್ಲಿ ಅವರು ಸೃಷ್ಟಿಸಿದ, ಬಾಹ್ಯಾಕಾಶದಲ್ಲಿ ಕಾಣೆಯಾದ ಸೋವಿಯತ್ ಗಗನಯಾತ್ರಿಯನ್ನು 2006ರಲ್ಲಿ ಸ್ಪೇನಿನ ಟಿವಿ ಕಾರ್ಯಕ್ರಮವೊಂದು ನಿಜವೆಂದೇ ಬಿತ್ತರಿಸಿತು. ಆದರೆ ಗಗನಯಾತ್ರಿಯ ಮುಖ ಫಾಂಟ್‌ಕುಬೆರ್ತಾರದೇ ಆಗಿತ್ತು. ಪರಿಶೀಲಿಸುವ ಪುರುಸೊತ್ತು ಟಿವಿಯವರಿಗಿರಲಿಲ್ಲ. ತಪ್ಪು ಯಾರದು? ಇನ್ನು ವಿಜ್ಞಾನಕ್ಕೆ ಬಿದ್ದ ನಿಜವಾದ ಪೆಟ್ಟು ಬೇಕೆಂದರೆ ಇಂಗ್ಲೆಂಡಿನ ಪಿಲ್ಟ್‌ಡೌನ್‌ಗೆ ಹೋಗಿ. 1912ರಲ್ಲಿ ಪ್ರಕಟಿಸಿದ ‘ಆದಿಮಾನವ’ನಿಗೆ ಒರಾಂಗುಟಾನ್ ದವಡೆ, ಅರದಿಂದ ಉಜ್ಜಿದ ಹಲ್ಲು, ಹಳತಾಗಿ ಕಾಣಲೆಂದು ಬಳಿದ ಬಣ್ಣ. ಬಯಲಾದದ್ದು 1953ರಲ್ಲಿ. ಅಲ್ಲಿ ಸುಳಿವು ಬಿಡುವ ಮರ್ಯಾದೆ ಯಾರಿಗೂ ಇರಲಿಲ್ಲ. ಫಾಂಟ್‌ಕುಬೆರ್ತಾ ಮಾತ್ರ ದಕ್ಷಿಣ ಫ್ರಾನ್ಸಿನ ದೀನ್ಯ ಬಳಿಯ ಬಂಡೆಗಳಲ್ಲಿ ಮತ್ಸ್ಯಕನ್ಯೆಯರ ‘ಪಳೆಯುಳಿಕೆ’ ಹುದುಗಿಸಿದ್ದು ಅಲ್ಲಿನ ಭೂವೈಜ್ಞಾನಿಕ ರಕ್ಷಿತಪ್ರದೇಶದ ಸಹಕಾರದಿಂದಲೇ. ಶಿಲೆ ಓದುವವರೇ ಒಪ್ಪಿದ ಆಟಕ್ಕೆ ಹೊರಗಿನವರ ಮುನಿಸೇಕೊ.

ಫೋಟೊದ ಧರ್ಮವೇ ಸತ್ಯ, ಈ ಕಟ್ಟುಕತೆ ಈಚಿನ ಕೆಡುಕು ಎಂಬುದು ಕೊನೆಯ ವಾದ. ಇದಕ್ಕೆ ಹೆಚ್ಚು ಮಾತು ಬೇಡ. ಫೋಟೊ ತೆಗೆಯುವ ಸ್ವಂತ ವಿಧಾನ ಕಂಡುಹಿಡಿದರೂ ಮನ್ನಣೆಯೆಲ್ಲ ಪ್ರತಿಸ್ಪರ್ಧಿ ದಾಗೆರ್ ಪಾಲಾಯಿತೆಂದು ನೊಂದ ಫ್ರಾನ್ಸಿನ ಇಪ್ಪೊಲಿತ್ ಬಯಾರ್ 1840ರಲ್ಲೇ ತನ್ನದೇ ಹೆಣದ ಚಿತ್ರ ತೆಗೆದ. ನೀರಿಗೆ ಹಾರಿ ಸತ್ತವನ ಶವವಿದು ಎಂದು ಹಿಂಬದಿಯಲ್ಲಿ ಬರೆದ. ಆತ ನಿಜಕ್ಕೂ ತೀರಿಕೊಂಡದ್ದು 1887ರಲ್ಲಿ.