ಒಂದು ಸೀಸನ್ ಮಿಂಚಿದವರು ಸೋತವರಲ್ಲ

ನಾನು ಓದುತ್ತಿರುವುದು ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ. ಪಂದ್ಯವಿದ್ದ ದಿನ ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂನ ಒಂದು ಸ್ಟಾಲ್‌ನಲ್ಲಿ ಕಾಫಿ, ಹಾಟ್‌ಡಾಗ್ ಮಾರುತ್ತೇನೆ. ಒಮ್ಮೆ ಕಾಫಿಗೆ ಬಂದವರೊಬ್ಬರ ಬಣ್ಣ ಮಾಸಿದ ಜೆರ್ಸಿಯ ಬೆನ್ನಿನ ಮೇಲೆ ‘ಲಮ್ಸ್‌ಡೆನ್’ ಎಂದಿತ್ತು. ಈಗಿನ ತಂಡದಲ್ಲಿ ಆ ಹೆಸರಿನವರಿಲ್ಲ. ಯಾರಿವರು ಎಂದು ಜೊತೆಗೆ ಕೆಲಸ ಮಾಡುವ ಹಿರಿಯರನ್ನು ಕೇಳಿದೆ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ‘ಒಂದೆರಡು ವರ್ಷ ಏನು ಓಡಿದ ಅಂತೀಯ! ಆಮೇಲೆ ಹೋದ’ ಎಂದರು.

‘ಆಮೇಲೆ ಹೋದ’ ಎಂಬ ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನಾನೂ ಹಾಗೆ ‘ಹೋದವನೇ’. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಕ್ಯಾಂಪಸ್ ಸೆಲೆಕ್ಷನ್ ಆದಾಗ ಕಾಲೇಜಿನ ಗೇಟಿನಲ್ಲಿ ನನ್ನ ಫೋಟೊ ಇದ್ದ ಫ್ಲೆಕ್ಸ್ ಹಾಕಿದ್ದರು. ಅಪ್ಪ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರು. ಹನ್ನೊಂದು ತಿಂಗಳಿಗೆ ಪ್ರಾಜೆಕ್ಟ್ ಮುಗಿಯಿತು, ನನ್ನನ್ನು ಬೆಂಚ್‌ಗೆ ಹಾಕಿದರು, ನಂತರ ಕೆಲಸದಿಂದಲೇ ತೆಗೆದರು. ‘ಅಷ್ಟು ಚೆನ್ನಾಗಿ ಓದ್ತಿದ್ದ ಹುಡುಗ, ಏನಾಯ್ತೋ ಏನೋ’ ಎಂದು ಊರಲ್ಲಿ ಮಾತಾಡಿಕೊಂಡರು. ಸಾಲ ಮಾಡಿ ಇಲ್ಲಿಗೆ ಬಂದೆ.

ಅಂದಿನಿಂದ ಈ ಆಟದಲ್ಲಿ ಮಿಂಚಿ ಮರೆಯಾದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎಸೆಯುತ್ತಾ, ಹಿಡಿದು ಓಡುತ್ತಾ ಮುಂದೆ ಸಾಗುವ ಆಟ. ಅಮೆರಿಕದ ಫುಟ್‌ಬಾಲ್‌ಗೆ ತೀರಾ ಹತ್ತಿರದ್ದು. ಅಲ್ಲಿ ತಂಡಕ್ಕೆ 11 ಮಂದಿ, ಇಲ್ಲಿ 12. ಹತ್ತು ಗಜ ಮುಂದೆ ಹೋಗಲು ಅಲ್ಲಿ ನಾಲ್ಕು ಅವಕಾಶ, ಇಲ್ಲಿ ಮೂರೇ.

ಇರುವುದೇ ಒಂದು ಕುರ್ಚಿ

ಕೇಸಿ ಪ್ರಿಂಟರ್ಸ್ ಅವರನ್ನೇ ನೋಡಿ. 2004ರಲ್ಲಿ ಬಿ.ಸಿ. ಲಯನ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ ಡೇವ್ ಡಿಕನ್‌ಸನ್ ಗಾಯಗೊಂಡರು. ಅವರ ಜಾಗಕ್ಕೆ ಬಂದ ಪ್ರಿಂಟರ್ಸ್ ಆ ವರ್ಷ ಎಸೆತಗಳಿಂದಲೇ 5,088 ಗಜ ಗಳಿಸಿದರು, 35 ಟಚ್‌ಡೌನ್ ಕೊಡಿಸಿದರು. ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಆದರೆ ಗ್ರೇ ಕಪ್ ಫೈನಲ್ ಶುರುವಾದಾಗ ಕೋಚ್ ಕಣಕ್ಕಿಳಿಸಿದ್ದು ಚೇತರಿಸಿಕೊಂಡಿದ್ದ ಡಿಕನ್‌ಸನ್ ಅವರನ್ನು! ಲಯನ್ಸ್ ಸೋತಿತು. ಮರುವರ್ಷ ಡಿಕನ್‌ಸನ್ ಮುಂದಾಳುತನದಲ್ಲಿ ತಂಡ ಮೊದಲ 11 ಪಂದ್ಯಗಳನ್ನು ಸತತವಾಗಿ ಗೆದ್ದಿತು. ಪ್ರಿಂಟರ್ಸ್ ಮತ್ತೆ ಬೆಂಚ್‌ಗೆ ಮರಳಿದರು.

ಇಲ್ಲಿ ಯಾರ ತಪ್ಪು? ಕೋಚ್ ಆಯ್ಕೆ ತಪ್ಪು ಎನ್ನೋಣವೆಂದರೆ ಡಿಕನ್‌ಸನ್ ಗೆದ್ದು ತೋರಿಸಿದರು. ಪ್ರಿಂಟರ್ಸ್‌ಗೆ ಪ್ರತಿಭೆ ಇರಲಿಲ್ಲ ಎನ್ನೋಣವೆಂದರೆ 5,088 ಗಜ ಸುಳ್ಳಲ್ಲ. ಆಗ ಇಡೀ ಲೀಗ್‌ನಲ್ಲಿ ಇದ್ದದ್ದು 9 ತಂಡ. ಆಡಿಸಲು ತಂಡಕ್ಕೊಬ್ಬರಂತೆ ಒಂಬತ್ತೇ ಕುರ್ಚಿ. ಕೆಲಸ ಸಿಗದ ಗೆಳೆಯನಿಗೆ ‘ನಿನ್ನಲ್ಲೇ ಏನೋ ಕೊರತೆ’ ಎನ್ನುವ ಮೊದಲು ಎಷ್ಟು ಕುರ್ಚಿ ಇದ್ದವು ಎಂದು ನಾವು ಕೇಳುವುದೇ ಇಲ್ಲ.

ಕಥೆಯ ಇನ್ನೊಂದು ಭಾಗ ನಮಗೆ ಎಚ್ಚರಿಕೆ. ಪ್ರಿಂಟರ್ಸ್ 2006ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ತಂಡ ಸೇರಿದರು, ಅಲ್ಲಿ ನೆಲೆ ಸಿಗಲಿಲ್ಲ. 2007ರಲ್ಲಿ ಹ್ಯಾಮಿಲ್ಟನ್ ತಂಡ ದುಬಾರಿ ಒಪ್ಪಂದ ಮಾಡಿಕೊಂಡು ಕರೆತಂದಿತು. ಅದು 2004ರ ಪ್ರಿಂಟರ್ಸ್‌ಗೆ ಕೊಟ್ಟ ಬೆಲೆ. 2008ರಲ್ಲಿ ಹ್ಯಾಮಿಲ್ಟನ್ 18 ಪಂದ್ಯಗಳಲ್ಲಿ ಗೆದ್ದದ್ದು ಮೂರು. ಮುಂದಿನ ಸೀಸನ್‌ಗೆ ಮೊದಲೇ ಅವರನ್ನು ಕೈಬಿಟ್ಟಿತು. ಹಳೆಯ ಲಯನ್ಸ್‌ಗೆ ಮರಳಿದರೂ 2010ರಲ್ಲಿ ಅಲ್ಲಿಂದಲೂ ಹೊರಬಿದ್ದರು. ಒಂದು ವರ್ಷದ ಬೆಳೆ ನೋಡಿ ಹೊಲದ ಬೆಲೆ ಕಟ್ಟಿದರೆ ಹೀಗೇ ಆಗುವುದು. ನಾನೂ ಅದನ್ನೇ ಮಾಡಿದೆ. ಕೆಲಸ ಹೋದ ಮೇಲೆ ಬಂದ ಎರಡು ಆಫರ್‌ಗಳನ್ನು ‘ಹಳೆಯ ಪ್ಯಾಕೇಜ್‌ಗಿಂತ ಕಡಿಮೆ’ ಎಂದು ಬಿಟ್ಟಿದ್ದೆ.

ಅದೇ ಕಾಲು, ಬೇರೆ ನೆಲ

ಇನ್ನು ಜೆರ್ಸಿಯ ಲಮ್ಸ್‌ಡೆನ್. ಜೆಸ್ಸಿ ಲಮ್ಸ್‌ಡೆನ್ ಇದೇ ಊರಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿದವರು. 2004ರಲ್ಲಿ ದೇಶದ ಅತ್ಯುತ್ತಮ ವಿಶ್ವವಿದ್ಯಾಲಯ ಆಟಗಾರನಿಗೆ ಕೊಡುವ ಹೆಕ್ ಕ್ರೈಟನ್ ಟ್ರೋಫಿ ಗೆದ್ದರು. ತಂದೆ ನೀಲ್ ಲಮ್ಸ್‌ಡೆನ್ ಎಡ್ಮಂಟನ್ ತಂಡದೊಂದಿಗೆ 1980ರಿಂದ 1982ರವರೆಗೆ ಸತತ ಮೂರು ಗ್ರೇ ಕಪ್ ಗೆದ್ದವರು. 2007ರಲ್ಲಿ ಹ್ಯಾಮಿಲ್ಟನ್ ಪರ ಆಡುತ್ತಾ ಜೆಸ್ಸಿ ಒಂದೊಂದು ಓಟಕ್ಕೆ ಸರಾಸರಿ ಏಳು ಗಜಕ್ಕೂ ಹೆಚ್ಚು ಸಾಗಿದರು. ಹತ್ತು ಗಜಕ್ಕೆ ಮೂರೇ ಅವಕಾಶವಿರುವ ಆಟದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಗಾಯಗಳು ಬೆನ್ನು ಬಿಡಲಿಲ್ಲ. 2009ರಲ್ಲಿ ಎಡ್ಮಂಟನ್ ಸೇರಿದರು. ಮೊದಲ ಪಂದ್ಯದಲ್ಲೇ ಗಾಯಗೊಂಡು ಇಡೀ ಸೀಸನ್ ಹೊರಗುಳಿದರು.

ನಮ್ಮ ಹಿರಿಯರ ಲೆಕ್ಕದಲ್ಲಿ ಅವರು ‘ಹೋದದ್ದು’ ಹೀಗೆ. ನಿಜಕ್ಕೂ ಹೋದದ್ದು ಬಾಬ್‌ಸ್ಲೆ ಕಡೆಗೆ. ಭಾರದ ಜಾರುಬಂಡಿಯನ್ನು ಮಂಜುಗಡ್ಡೆಯ ಮೇಲೆ ತಳ್ಳಿಕೊಂಡು ಓಡಿ, ಹಾರಿ ಕುಳಿತು ಜಾರುವ ಕ್ರೀಡೆ ಅದು. ಅಲ್ಲಿ ಬೇಕಾದದ್ದು ಕಾಲಿನ ಅದೇ ಬಲ, ಮೊದಲ ಕೆಲವು ಹೆಜ್ಜೆಗಳ ಅದೇ ವೇಗ. 2010ರ ವ್ಯಾಂಕೂವರ್ ಮತ್ತು 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಜೆಸ್ಸಿ ಕೆನಡಾ ಪರ ಸ್ಪರ್ಧಿಸಿದರು. 2012ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲಿಂಡನ್ ರಶ್ ಜೊತೆ ಬೆಳ್ಳಿ ಗೆದ್ದರು. ನಾನು ಕಾಫಿ ಮಾರುವ ಸ್ಟೇಡಿಯಂನಲ್ಲೇ ಕೆನಡಿಯನ್ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಇದೆ. ತಂದೆಗೆ ಆ ಗೌರವ ಸಂದಿದೆ, ಮಗನಿಗೆ ಇಲ್ಲ. ಅಷ್ಟಕ್ಕೇ ಮಗ ಸೋತ ಎನ್ನಲು ನನಗಂತೂ ಮನಸ್ಸಿಲ್ಲ.

ಮರಳಿ ಬಂದವರೂ ಇದ್ದಾರೆ

ಝ್ಯಾಕ್ ಕೊಲಾರೋಸ್ 2015ರಲ್ಲಿ ಹ್ಯಾಮಿಲ್ಟನ್‌ನ ಕಣ್ಮಣಿ. ಆ ವರ್ಷವೇ ಮೊಣಕಾಲಿನ ಗಾಯ. 2017ರಲ್ಲಿ ತಂಡ ಸತತವಾಗಿ ಸೋತಾಗ ಬೆಂಚ್ ಸೇರಿದರು. 2019ರಲ್ಲಿ ಸಸ್ಕಾಚೆವಾನ್ ಪರ ಮೊದಲ ಪಂದ್ಯದ ಆರಂಭದಲ್ಲೇ ತಲೆಗೆ ಪೆಟ್ಟು ಬಿತ್ತು. ಅಲ್ಲಿಂದ ಟೊರಾಂಟೊ, ಒಂದೂ ಪಂದ್ಯ ಆಡುವ ಮೊದಲೇ ಅಲ್ಲಿಂದ ವಿನ್ನಿಪೆಗ್. ಆ ನವೆಂಬರ್‌ನಲ್ಲೇ ಅವರು ವಿನ್ನಿಪೆಗ್‌ಗೆ ಗ್ರೇ ಕಪ್ ತಂದರು. 1990ರ ನಂತರ ಆ ತಂಡಕ್ಕೆ ಅದೇ ಮೊದಲನೆಯದು. ಫೈನಲ್‌ನಲ್ಲಿ ಸೋತದ್ದು ಇದೇ ಹ್ಯಾಮಿಲ್ಟನ್! 2021, 2022ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರದ್ದೇ.

ಇದನ್ನು ‘ಪಟ್ಟು ಹಿಡಿದರೆ ಗೆಲುವು ಗ್ಯಾರಂಟಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಮಾಡಬೇಡಿ. ವಿನ್ನಿಪೆಗ್‌ನ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ನಿಕೋಲ್ಸ್ ಆ ವರ್ಷ ಗಾಯಗೊಂಡಿದ್ದರಿಂದಲೇ ಅಲ್ಲಿ ಕುರ್ಚಿ ಖಾಲಿಯಾಗಿದ್ದು. ಆಗ ಆಡಲು ಸಿದ್ಧರಿದ್ದುದಷ್ಟೇ ಕೊಲಾರೋಸ್ ಕೈಯಲ್ಲಿದ್ದದ್ದು. ನಮ್ಮ ಕೈಯಲ್ಲಿರುವುದೂ ಅಷ್ಟೇ.

ಗೆಳೆಯರೇ, ರ‍್ಯಾಂಕ್ ಬಂದ ವರ್ಷ, ಪ್ರಿಲಿಮ್ಸ್ ಪಾಸಾದ ವರ್ಷ, ಆಫರ್ ಲೆಟರ್ ಬಂದ ದಿನ ಯಾವುದೂ ಸುಳ್ಳಲ್ಲ. ಮುಂದೆ ಏನೇ ಆದರೂ ಅದು ನೀವೇ ಗಳಿಸಿದ್ದು. ಹಾಗೆಂದು ಬದುಕಿಡೀ ಅದೇ ದರದಲ್ಲಿ ನಡೆಯಬೇಕೆಂದು ಹಟ ಹಿಡಿಯುವುದು ಬೇಡ. ಬಾಗಿಲು ಮುಚ್ಚಿದಾಗ ಕೈಯಲ್ಲಿ ಉಳಿದ ವಿದ್ಯೆ ಏನು, ಅದು ಬೇರೆಲ್ಲಿ ಓಡುತ್ತದೆ ಎಂದು ನೋಡೋಣ.

ನಾನು ಸ್ಟೇಡಿಯಂನಲ್ಲಿ ಏನು ಕೆಲಸ ಮಾಡುತ್ತೇನೆಂದು ಮನೆಯಲ್ಲಿ ಇದುವರೆಗೆ ಹೇಳಿರಲಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಅಪ್ಪಾ, ಫ್ಲೆಕ್ಸ್ ಮುಂದೆ ನಿಂತ ಆ ಫೋಟೊ ತೆಗೆಯಬೇಡಿ, ಅಲ್ಲೇ ಇರಲಿ. ನಾನು ಇನ್ನೂ ಆಡುತ್ತಿದ್ದೇನೆ.